ತೊಟ್ಟಿಲಲ್ಲಿ ಮಲಗಿದ ಟಾಕಿ

ಪ್ರತಿ ಸೋಮವಾರ ಅವ್ವ ಹಿರೇಬೆಂಡಿಗೇರಿಗೆ ಹೋಗುತ್ತಿದ್ದದ್ದು ತನ್ನ ಅಕ್ಕನ ತಲೆ ಬಾಚಲಿಕ್ಕೆ. ದೊಡ್ಡವ್ವನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಸೊಸೆಯರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಬಾಚಣಿಗೆ ಹಿಡಿದು ಯಾರು ಬಂದರೂ ಗೋಡೆಗೆ ಮುಖ ತಿರುಗಿಸುವ ದೊಡ್ಡವ್ವ, ಅವ್ವ ಹೋದಾಗ ಮಾತ್ರ ತಾನಾಗಿ ಬೆನ್ನು ಕೊಟ್ಟು ಕೂರುತ್ತಿದ್ದಳು. ಹತ್ತಿಮತ್ತೂರಿನ ನಮ್ಮ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಬೇಕೆಂದರೆ ಸವಣೂರಿನಲ್ಲೊಮ್ಮೆ, ಶಿಗ್ಗಾವಿಯಲ್ಲೊಮ್ಮೆ ಇಳಿದು ಹತ್ತಬೇಕು. ಅವ್ವನ ಮೊಣಕಾಲಿಗೂ ಬಸ್ಸಿನ ಮೆಟ್ಟಿಲಿಗೂ ಎಂದೋ ಮಾತು ಬಿಟ್ಟಿತ್ತು. ಅದಕ್ಕೇ ಅಪ್ಪ ತನ್ನ ಹಳೇ ಮೋಟಾರ್‌ಸೈಕಲ್ಲನ್ನು ಮನೆಯ ಕಟ್ಟೆಗೆ ತಾಗಿಸಿ ನಿಲ್ಲಿಸುತ್ತಿದ್ದ. ಅವ್ವ ಕಟ್ಟೆಯ ಮೇಲಿಂದ ನೇರ ಹಿಂದಿನ ಸೀಟಿಗೆ ಜರುಗಿ ಕೂರುತ್ತಿದ್ದಳು.

ಆ ಗಾಡಿ ಹೋದ ವರ್ಷ ನಡುದಾರಿಯಲ್ಲಿ ಕೆಮ್ಮಿ ಕೆಮ್ಮಿ ನಿಲ್ಲತೊಡಗಿತು. ಆಮೇಲೆ ಪೆಟ್ರೋಲ್ ಟಾಕಿಯ ತಳದಿಂದ ಹನಿ ಜಿನುಗತೊಡಗಿತು. ಅಪ್ಪ ಅದಕ್ಕೆ ಬಟ್ಟೆ ಸಬಕಾರ ತಿಕ್ಕಿ ತಿಕ್ಕಿ ಕೆಲವು ದಿನ ದೂಡಿದ. ಕಡೆಗೆ ಹಾನಗಲ್ಲಿನ ತನ್ನ ಹಳೇ ಮೆಕ್ಯಾನಿಕ್ ಗೆಳೆಯನ ಹತ್ತಿರ ಒಯ್ದ.

"ಒಳಗ ಪೂರಾ ತುಕ್ಕ ತಿಂದೈತಿ. ಅದು ಹೋಗೂತನಾ ಬೆಸಗಿ ಹಿಡಿಯೂದಿಲ್ಲ. ಆಸಿಡ್ ಹಾಕಿದ್ರ ತಗಡ ತೂತ ಬೀಳತೈತಿ. ಈ ಮಾಡೆಲ್ಲಿಂದು ಬ್ಯಾರೆ ಟಾಕಿ ಎಲ್ಲೂ ಸಿಗೂದಿಲ್ಲ," ಅಂದ ಗೆಳೆಯ. "ಎಲ್ಲಿಂದೋ ಒಳಗ ನೀರ ಹೋಗಾಕತ್ತೈತಿ, ನೋಡ್ಕೋ."

ಅಪ್ಪನಿಗೆ ಸಿಟ್ಟು ಬಂತು. ಮಳೆಯಲ್ಲಿ ತಾನು ನೆನೆದರೂ ಗಾಡಿಗೆ ತಾಡಪತ್ರಿ ಹೊದಿಸುವ ಮನುಷ್ಯ ಆತ. ಮನೆಗೆ ಬಂದವನೇ, ಗಾಡಿಯನ್ನು ತಡಸದ ಗುಜರಿಯವನಿಗೆ ಹಾಕಿಬಿಡುತ್ತೇನೆ ಎಂದು ಘೋಷಿಸಿದ. ಹಿರೇಕೆರೂರಿನಿಂದ ರಜೆಗೆ ಬಂದಿದ್ದ ನಾನು, ಒಂದು ಸ್ಕೂಟರ್ ತಗೋ ಎಂದೆ. "ಕಾಲಿಗೆ ಕೆಲಸ ಇಲ್ಲದ್ದು ಗಾಡಿ ಏನ?" ಎಂದು ನನ್ನ ಮೇಲೂ ಹರಿಹಾಯ್ದ. ಅಪ್ಪನ ಹಟದ ಜತೆ ವಾದ ಮಾಡುವ ತಾಳ್ಮೆ ನನಗಿಲ್ಲ. ನನ್ನ ಹಟವೂ ಅಲ್ಲಿಂದಲೇ ಬಂದದ್ದು.

ಒಂದು ಸೋಮವಾರ ತಪ್ಪಿತು. ಮತ್ತೊಂದೂ ತಪ್ಪಿತು. ದೊಡ್ಡವ್ವನ ಕೂದಲು ಜಡೆಗಟ್ಟಿದೆ, ಹೀಗೇ ಆದರೆ ಬೋಳಿಸಬೇಕಾಗುತ್ತದೆ ಎಂದು ಅಲ್ಲಿಂದ ಫೋನು ಬಂತು. ಅವ್ವ ಫೋನು ಇಟ್ಟಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಆಸಿಡ್ ಬ್ಯಾಡಂದ್ರ ಬ್ಯಾಡ. ಮನ್ಯಾಗ ಹುಣಸಿಹಣ್ಣ ಐತಲ್ಲ. ಟಾಕಿ ಬಿಚ್ಚಿ ಕೊಡ್ರಿ," ಎಂದು ಅಪ್ಪನಿಗೆ ಹೇಳಿದಳು.

ತಾಮ್ರದ ಕೊಡ ಬೆಳಗುವವಳಿಗೆ ತಗಡಿನ ಟಾಕಿ ಯಾವ ಲೆಕ್ಕ? ಆದರೆ ಕೊಡದೊಳಗೆ ಕೈ ಹೋಗುತ್ತದೆ, ಟಾಕಿಯೊಳಗೆ ಹೋಗುವುದಿಲ್ಲ. ಅದಕ್ಕೆ ಅವ್ವ ಹಳ್ಳದ ಗರಸು ಕಲ್ಲು ತೊಳೆದು ಒಳಗೆ ಸುರಿದಳು, ತಳದ ತೂತಿಗೆ ಸಬಕಾರ ಮೆತ್ತಿ ಹುಣಸೆ ರಸ ತುಂಬಿದಳು, ಬಾಯಿಗೆ ಬಿರಡೆ ಬಡಿದಳು. ಇನ್ನು ಅಲುಗಾಡಿಸಬೇಕು. ಅಪ್ಪ ಒಂದಿಷ್ಟು ಹೊತ್ತು ಕುಲುಕಿ ಸೊಂಟ ಹಿಡಿದುಕೊಂಡ. ನಾನೂ ಸೋತೆ. ಅವ್ವ ಅಟ್ಟದಿಂದ ತೊಟ್ಟಿಲು ಇಳಿಸಲು ಹೇಳಿದಳು.

ನಾನು ಮಲಗಿದ್ದ, ನನ್ನ ಮಗಳೂ ಮಲಗಿದ್ದ ಕಟ್ಟಿಗೆಯ ತೊಟ್ಟಿಲು ಅದು. ಪಡಸಾಲೆಯ ತೊಲೆಗೆ ಕಟ್ಟಿ, ಹಳೇ ಕೌದಿ ಹಾಸಿ, ಟಾಕಿಯನ್ನು ಮಲಗಿಸಿದಳು. ನಾನು ಕಣ್ಣರಳಿಸಿದೆ.

"ಖಾಲಿ ತೊಟ್ಟಿಲ ತೂಗಬಾರ್ದಂತಾರ. ಟಾಕಿ ಹಾಕಿ ತೂಗಬಾರ್ದಂತ ಯಾರೂ ಹೇಳಿಲ್ಲ," ಅಂದಳು.

ಸೊಪ್ಪು ಸೋಸುತ್ತ, ಫೋನಿನಲ್ಲಿ ಮಾತಾಡುತ್ತ, ಹಗ್ಗ ಜಗ್ಗುತ್ತಲೇ ಇದ್ದಳು. ಒಳಗೆ ಗರಸು ಗರಗರ ಹೊರಳುತ್ತಿತ್ತು. ಸದ್ದು ಕೇಳಿ ಬಂದ ಎದುರುಮನೆಯಾಕೆ ತೊಟ್ಟಿಲು ಕಂಡು ಬಾಗಿಲಲ್ಲೇ ನಿಂತಳು.

"ಏನ್ ಹುಟ್ಟೈತ್ರಿ?"

"ಗಂಡು. ಹುಟ್ಟೂವಾಗನ ತುಕ್ಕ ಹಿಡದೈತಿ," ಎಂದಳು ಅವ್ವ, ಅಪ್ಪನತ್ತ ನೋಡುತ್ತ. ಸಿಡುಕಿನ ಅಪ್ಪನೂ ನಕ್ಕುಬಿಟ್ಟ. ಅಂದಿನಿಂದ ಹೊರಗೆ ಹೋಗಿ ಬಂದಾಗಲೆಲ್ಲ ಆತನೂ ಹಗ್ಗಕ್ಕೊಂದು ಜಗ್ಗು ಕೊಡತೊಡಗಿದ.

ದಿನಕ್ಕೊಮ್ಮೆ ಕೆಂಪು ರಾಡಿ ಚೆಲ್ಲಿ ಹೊಸ ರಸ ತುಂಬುತ್ತಿದ್ದಳು. ಬರಬರುತ್ತ ರಸ ತುಂಬಿದ ಬಣ್ಣದಲ್ಲೇ ಹೊರಬಂತು. ಹುಳಿ ಉಳಿಯಬಾರದೆಂದು ಅಡುಗೆ ಸೋಡಾ ನೀರಿನಲ್ಲಿ ತೊಳೆದಳು, ಬಿಸಿಲಿಗೆ ಬೋರಲು ಹಾಕಿದಳು. ಟಾರ್ಚ್ ಬಿಟ್ಟು ನೋಡಿದೆ. ಒಳಗೆ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಅವ್ವನ ಬಗ್ಗೆ ನನಗೆ ಇಷ್ಟು ಹೆಮ್ಮೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ಹಾನಗಲ್ಲಿನ ಗೆಳೆಯ ತೂತು ಬೆಸೆದುಕೊಟ್ಟ. ಯಾರು ತೊಳೆದರು, ಎಂದು ಕೇಳಿದನಂತೆ. ಅಪ್ಪ ಎದೆಯುಬ್ಬಿಸಿ, "ನಮ್ಮ ಮನ್ಯಾಕಿ," ಎಂದನಂತೆ.

ಸೋಮವಾರ ಬಂತು. ಅವ್ವ ಎಣ್ಣೆ ಸೀಸೆ, ಬಾಚಣಿಗೆ ಚೀಲಕ್ಕೆ ಹಾಕಿಕೊಂಡು ತಲೆಬಾಗಿಲಿಗೆ ಬಂದಳು. ಹಿಂದೆ ನಾನಿದ್ದೆ. ಕಟ್ಟೆಯ ಪಕ್ಕದಲ್ಲಿ ಅಪ್ಪ ಗಾಡಿಗೆ ವಿಭೂತಿ ಹಚ್ಚಿ, ಟಾಕಿಯ ಮುಚ್ಚಳ ತೆಗೆದಿದ್ದ. ಕೈಯಲ್ಲಿ ಬೆಳ್ಳಿಯ ಚಮಚವಿತ್ತು, ಅದರ ತುಂಬ ನೀರು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಾನು ಸೇವಿಸುವ ಪಾದೋದಕ.

"ಅಪ್ಪಾ, ಏನ್ ಮಾಡಾಕತ್ತೀ?"

"ಪಾದೋದಕ ಹಾಕಾಕತ್ತೇನಿ. ಎಲ್ಲಾ ಸೋಮವಾರ ಹಾಕತೇನಿ," ಅಂದ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಕಣ್ಣ ಮೊದಲಿನಂಗ ಇಲ್ಲ, ಕೈ ಮೊದಲಿನಂಗ ಇಲ್ಲ. ಹಿಂದ ನಿಮ್ಮವ್ವ ಕುಂತಿರ್ತಾಳಲ್ಲ."

ವರ್ಷಗಟ್ಟಲೆ ವಾರವಾರವೂ ಒಂದು ಚಮಚ ನೀರು! ಪೆಟ್ರೋಲು ಮೇಲೆ ತೇಲುತ್ತಿತ್ತು, ನೀರು ತಳದಲ್ಲಿ ಕೂತು ತಗಡು ತಿಂದಿತ್ತು. ನನ್ನ ಬಾಯಿಗೆ ಬೈಗುಳವೇ ಬಂದಿತ್ತು. ಅಷ್ಟರಲ್ಲಿ ಅವ್ವ ಮುಂದೆ ಬಂದು ಮುಚ್ಚಳ ತಿರುವಿ ಬಿಗಿ ಮಾಡಿದಳು. ಬಲಗೈ ಬೊಗಸೆ ಮಾಡಿ ಚಮಚದ ಕೆಳಗೆ ಹಿಡಿದಳು.

"ಕಾಯಬೇಕಾದದ್ದು ಕುಂತಾಕಿನ್ನ ಅಲ್ಲೇನ್ರಿ? ಹಂಗಾರ ಕುಂತಾಕಿಗೆ ಕೊಡ್ರಿ."

ಅಪ್ಪ ಒಮ್ಮೆ ಟಾಕಿ ನೋಡಿದ, ಒಮ್ಮೆ ಅವ್ವನನ್ನು ನೋಡಿದ. ಚಮಚವನ್ನು ಎರಡೂ ಕೈಯಲ್ಲಿ ಹಿಡಿದ. ಒಂದು ಹನಿಯೂ ಹೊರಗೆ ಬೀಳದ ಹಾಗೆ ಅವಳ ಅಂಗೈಗೆ ಸುರಿದ.