ಕೆನ್ನೆಗೆ ಗಿಲಾವು

ಅಪ್ಪ ಪುಣೆಗೆ ಬಂದಾಗಿನಿಂದ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡುತ್ತಾನೆ. ವಾಕಡದಲ್ಲಿ ಅವನು ನುಣುಪು ಮಾಡಿದ ಗೋಡೆಗಳ ನಡುವೆ ಎಷ್ಟು ಸಂಸಾರಗಳಿವೆಯೋ ಅವನಿಗೇ ಗೊತ್ತಿಲ್ಲ. ಅಂಥವನ ಮಗಳ ಕೆನ್ನೆ ಮಾತ್ರ ಹದಿನೇಳನೆಯ ವಯಸ್ಸಿಗೇ ಕುಳಿ ಬಿದ್ದಿತ್ತು. ಮೊಡವೆಗಳು ಹೋದವು, ಹೋಗುವಾಗ ಗುರುತು ಬಿಟ್ಟು ಹೋದವು.

ಆಗಿನಿಂದ ಅಪ್ಪ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟ. ಊಟ ಆಯ್ತಾ ಎಂದು ಕೇಳುವಾಗಲೂ ಟಿವಿಯನ್ನು ನೋಡುತ್ತಿದ್ದ. ತಗ್ಗುದಿಣ್ಣೆ ಗೋಡೆ ಕಂಡರೆ ಅವನಿಗಾಗದು, ಅದಕ್ಕೇ ಹೀಗೆ ಎಂದುಕೊಂಡಿದ್ದೆ. ಖರಾಡಿಯ ಆಫೀಸೊಂದರಲ್ಲಿ ಬಾಗಿಲಿಗೇ ಎದುರಾಗಿ ಕೂರುವ ಕೆಲಸ ನನ್ನದು, ಅದಕ್ಕಾಗಿ ಲೇಸರ್ ಮಾಡಿಸಿಕೊಳ್ಳುತ್ತೇನೆಂದು ಮನೆಯಲ್ಲಿ ಹೇಳಿದೆ. ಸುಳ್ಳು. ಅಪ್ಪ ನನ್ನ ಮುಖ ನೋಡಬೇಕಿತ್ತು, ಅಷ್ಟೆ.

ಒಬ್ಬಳೇ ಹೋಗಬೇಡ ಎಂದು ಅವ್ವ ಅವನನ್ನೇ ಜೊತೆಗೆ ಕಳಿಸಿದಳು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

ಡಾಕ್ಟರಮ್ಮ ಮರಾಠಿಯವರು. ಮೊಡವೆ ಕಲೆ ಎನ್ನುವುದನ್ನು ಮನಸ್ಸಿನಲ್ಲೇ ಮರಾಠಿಗೆ ತಿರುಗಿಸಿ, 'ಡಾಗ' ತೆಗೆಯುವ ಲೇಸರ್ ಬೇಕು ಎಂದೆ. ಅವರು ದೀಪವನ್ನು ಪಕ್ಕದಿಂದ ಹಿಡಿದು ನೋಡಿ, ಇವು ಡಾಗ ಅಲ್ಲ, 'ಖಡ್ಡೆ' ಎಂದರು. ಪುಣೆಯ ಜನ ರಸ್ತೆಯ ಕುಳಿಗಳನ್ನು ಬೈಯುವಾಗ ಬಳಸುವ ಪದ. ಬಣ್ಣ ತಿಳಿಯಾಗಿಸುವ ಲೇಸರ್ ಬೇರೆಯಂತೆ, ಕುಳಿ ತುಂಬಿಸುವುದು ಬೇರೆಯಂತೆ. ಕಲೆ ಎಂಬ ಒಂದು ಪದ ನಂಬಿಕೊಂಡು ನಾನು ಹತ್ತು ವರ್ಷ ಕಲೆ ಹೋಗುವ ಕ್ರೀಮು ಬಳಿದಿದ್ದೆ. ಕುಳಿಗಳು ಇದ್ದಲ್ಲೇ ಇದ್ದವು, ಸ್ವಲ್ಪ ಮಿನುಗುತ್ತಿದ್ದವು.

ಕುಳಿಗೆ ಎರಡು ಬಗೆಯ ಲೇಸರ್ ಹೇಳಿದರು. ಕಾರ್ಬನ್ ಡೈಆಕ್ಸೈಡಿನದು ಬಿಸಿ ಹೆಚ್ಚು. ಆಳಕ್ಕೆ ಇಳಿಯುತ್ತದೆ, ಒಂದು ವಾರ ಮುಖ ಕೆಂಪಗಾಗಿ ಸಿಪ್ಪೆ ಏಳುತ್ತದೆ, ನಮ್ಮಂಥ ಕಂದು ಚರ್ಮ ಕಪ್ಪಾಗುವ ಭಯವೂ ಇದೆ. ಎರ್ಬಿಯಂ ಸೌಮ್ಯ, ಬೇಗ ಮಾಯುತ್ತದೆ, ಆದರೆ ಹೆಚ್ಚು ಸಲ ಬರಬೇಕಾದೀತು. ಎರಡೂ ಚರ್ಮಕ್ಕೆ ಸಣ್ಣ ಸಣ್ಣ ತೂತು ಹೊಡೆದು ಒಳಗಿನಿಂದ ಹೊಸದು ಬೆಳೆಯಲು ಬಿಡುತ್ತವೆ. ಪೂರ್ತಿ ನುಣುಪಾಗುವ ಮಾತು ಎರಡರಲ್ಲೂ ಇಲ್ಲ.

"ಖರೇ ಅದ," ಎಂದ ಅಪ್ಪ, ನೆಲ ನೋಡುತ್ತಲೇ. "ಗಿಲಾವ್ ಹಿಡೀಲಿ ಅಂತ ನಾವೂ ಕಾಂಕ್ರೀಟಿಗೆ ಮೊದಲ ಕಚ್ಚು ಹೊಡೀತೀವಿ. ಆಮ್ಯಾಲ ಎಷ್ಟ್ ದಿನಾ ನೀರು ಹೊಡೀಬೇಕು, ಕೇಳು."

ನಾನು ಕೇಳಿದೆ. ನೀರಲ್ಲ ಕ್ರೀಮು, ಬಿಸಿಲಿಗೆ ಒಡ್ಡಲೇಬಾರದು ಎಂದರು. ಅಪ್ಪ ತನಗೆ ಮೊದಲೇ ಗೊತ್ತಿತ್ತೆಂಬಂತೆ ತಲೆಯಾಡಿಸಿದ.

ಆಮೇಲೆ ಅವನು ನನ್ನನ್ನು ಬಿಟ್ಟು ತಾನೇ ಮರಾಠಿಯಲ್ಲಿ ಶುರು ಮಾಡಿದ. ಸಾಲೆಗೆ ರಜೆ ಇದ್ದಾಗ ಇವಳನ್ನು ಸೈಟಿಗೆ ಕರೆದುಕೊಂಡು ಹೋಗುತ್ತಿದ್ದೆ, ಉಸುಕು ಸೋಸಲು ಹಚ್ಚುತ್ತಿದ್ದೆ, ಸಿಮೆಂಟಿನ ಧೂಳೆಲ್ಲ ಮುಖಕ್ಕೆ ಹಾರುತ್ತಿತ್ತು. ಮುಖ ಹೀಗಾದದ್ದು ಅದರಿಂದಲೇ ಅಲ್ಲವೇ, ಮೇಡಂ?

ಹತ್ತು ವರ್ಷ ನಾನು ಅವನಿಗೆ ಅಸಹ್ಯ ಎಂದುಕೊಂಡಿದ್ದೆ. ಅವನು ನನ್ನ ಕೆನ್ನೆಯಲ್ಲಿ ತನ್ನ ತಪ್ಪು ನೋಡಲಾರದೆ ಮುಖ ತಿರುಗಿಸುತ್ತಿದ್ದ.

ಡಾಕ್ಟರಮ್ಮ ಹಾಳೆಯಲ್ಲಿ ಏನೋ ಬರೆಯುತ್ತಲೇ, ಹಾಗೇನೂ ಇಲ್ಲ ಎಂದರು. ಮೊಡವೆ ವಯಸ್ಸಿನದು. ಕುಳಿ ಇಷ್ಟು ಆಳ ಆಗಬೇಕಾದರೆ ಉಗುರಿನಿಂದ ಹಿಸುಕಿರಬೇಕು.

ಅಪ್ಪ ತಿರುಗಿ ನನ್ನನ್ನು ನೋಡಿದ. ಎಡಗೆನ್ನೆ, ಬಲಗೆನ್ನೆ, ಹಣೆ.

"ಹಿಚಿಗಿದ್ಯೇನ ನೀ?"

"ಹೂಂ."

"ಬ್ಯಾಡ ಬ್ಯಾಡ ಅಂತ ನಿಮ್ಮವ್ವ ಬಡಕೊಂಡ್ರೂ ಹಿಚಿಗಿದಿ?"

ಮೆಟ್ಟಿಲು ಇಳಿಯುವಾಗ ಬೈದ, ಬಸ್ಸಿಗೆ ಕಾಯುವಾಗ ಬೈದ, ಬಸ್ಸಿನಲ್ಲಿ ನನ್ನ ಕಡೆ ತಿರುಗಿ ಕೂತು ಬೈದ. ಬೈಯುವಾಗ ಒಂದು ಸಲವೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ ನಮ್ಮ ಸ್ಟಾಪು ಬಂತು, ಹೋಯಿತು. ನಾನು ಹೇಳಲಿಲ್ಲ.