ಮುನಿಯಣ್ಣ ಕೊನೆಗೆ ಏರಿಸುತ್ತಿದ್ದ ಒಲೆ

ಮುನಿಯಣ್ಣನ ದನಿ, ತುಂಬಿದ ಲಾರಿಯೊಂದು ಸೆಕೆಂಡ್ ಗೇರಿನಲ್ಲಿ ದೊಮ್ಮಲೂರು ಫ್ಲೈಓವರ್ ಹತ್ತುವ ಸದ್ದಿನಂತಿತ್ತು. ಮೊದಲು ಎಳೆಯುತ್ತಿತ್ತು, ನಡುವೆ ಕೆಮ್ಮುತ್ತಿತ್ತು, ಕೊನೆಗೆ ‘ಸಾಮೀ’ ಎಂದು ಉಸಿರು ಬಿಡುತ್ತಿತ್ತು. ಕಂಡವರ ದನಿಯನ್ನೆಲ್ಲ ಕದಿಯುವ ನನಗೆ ಅದು ಒಂದೇ ದಿನದಲ್ಲಿ ದಕ್ಕಿತು. ನಮ್ಮಮ್ಮನ ಗೊಣಗಾಟ, ಕೆಳಗಿನ ಮನೆಯ ಟೈಲರ್ ಸಾಹೇಬರ ಸೀನು, ಹುಡುಗಿಯರ ಮುಂದೆ ನಿಂತಾಗ ಹೊರಡುವ ನನ್ನದೇ ಕೀರಲು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಜನ ಮತ್ತೆ ಮತ್ತೆ ಕೇಳುತ್ತಿದ್ದುದು ಮಾತ್ರ ಮುನಿಯಣ್ಣನನ್ನೇ. ಒಮ್ಮೆ ಅವನೂ ನನ್ನ ಹಿಂದೆಯೇ ನಿಂತು ಪೂರ್ತಿ ಕೇಳಿಸಿಕೊಂಡ. “ಪರ್ವಾಗಿಲ್ಲ ಮಗಾ, ನಾನು ಸತ್ರೂ ನನ್ ಗಾಡಿಗೆ ಬಾಡಿಗೆ ತಪ್ಪಲ್ಲ” ಎಂದು ಬೆನ್ನಿಗೆ ಒಂದು ಬಿಟ್ಟ.

ಜೋಗುಪಾಳ್ಯದಲ್ಲಿ ಯಾರು ಮನೆ ಖಾಲಿ ಮಾಡಿದರೂ ಸಾಮಾನು ಸಾಗಿಸುತ್ತಿದ್ದವನು ಅವನು. ಬೀರುವನ್ನು ಒಮ್ಮೆ ತಬ್ಬಿಕೊಂಡರೆ ಸಾಕು, ಬಾಗಿಲಲ್ಲಿ ಅದು ನೇರ ಹೋಗುತ್ತದೋ ಓರೆಯಾಗಿ ಹೋಗುತ್ತದೋ ಹೇಳುತ್ತಿದ್ದ. ಅವನದೊಂದು ಕಟ್ಟಳೆಯಿತ್ತು. ಲಾರಿಗೆ ಒಲೆ ಕೊನೆಗೆ ಏರಬೇಕು, ಹೊಸ ಮನೆಯಲ್ಲಿ ಮೊದಲು ಇಳಿಯಬೇಕು. ಹಾಲು ಉಕ್ಕುವ ತನಕ ಒಂದು ದಿಂಬೂ ಒಳಗೆ ಹೋಗುವಂತಿರಲಿಲ್ಲ. ಗಡಿಬಿಡಿಯಲ್ಲಿ ಹೆಂಗಸರು ಪಾತ್ರೆ ಮರೆಯುತ್ತಾರೆಂದು, ಸೊಟ್ಟಗಾದ ಅಲ್ಯೂಮಿನಿಯಂ ಹಾಲಿನ ಪಾತ್ರೆಯೊಂದನ್ನು ಡ್ರೈವರ್ ಸೀಟಿನ ಕೆಳಗೇ ಇಟ್ಟುಕೊಂಡಿದ್ದ. ಮನೆಯೆಲ್ಲ ಖಾಲಿಯಾಗುವ ತನಕ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ, ಇಣುಕಿಯೂ ನೋಡುತ್ತಿರಲಿಲ್ಲ. ಅಲ್ಲಿ ಇನ್ನೂ ಕಾಫಿ ಆಗುತ್ತಿದೆ ಅಂದರೆ ಅದು ಇನ್ನೂ ಅವರ ಮನೆ ಎನ್ನುವುದು ಅವನ ಲೆಕ್ಕ.

ನಾವು ಜೋಗುಪಾಳ್ಯ ಬಿಟ್ಟು ಲಿಂಗರಾಜಪುರಕ್ಕೆ ಹೋದ ದಿನ ನಮ್ಮಮ್ಮ ಜಾಣತನ ಮಾಡಿ ಗ್ಯಾಸ್ ಸ್ಟವ್ವನ್ನು ಹಾಸಿಗೆಯಲ್ಲಿ ಸುತ್ತಿ ಮೊದಲೇ ಲಾರಿ ತಳಕ್ಕೆ ಹಾಕಿಸಿದ್ದಳು. ಇದು ತಿಳಿದಾಗ ಲಾರಿ ತುಂಬಿ ಹಗ್ಗ ಬಿಗಿದಾಗಿತ್ತು. ಮುನಿಯಣ್ಣ ಹಗ್ಗ ಬಿಚ್ಚಿದ. ಬೀರು, ಮಂಚ, ಫ್ರಿಜ್ಜು, ನನ್ನ ಹರಕು ಗಿಟಾರು, ಎಲ್ಲವೂ ಮತ್ತೆ ರಸ್ತೆಗೆ ಬಂದವು. ಅಮ್ಮ ಬೈದಳು, ಹಿಂದಿನ ಆಟೋಗಳು ಹಾರ್ನ್ ಬಾರಿಸಿದವು. ಅವನು ಮಾತ್ರ ಸ್ಟವ್ ಸಿಗುವ ತನಕ ಕೈ ನಿಲ್ಲಿಸಲಿಲ್ಲ.

ಮುಂದೆ ಇಂದಿರಾನಗರದ ಒಂದು ರಾಕೆಟ್ ಕಂಪನಿಯಲ್ಲಿ ನನಗೆ ಕೆಲಸವಾಯಿತು. ರಾಕೆಟ್ಟಿಗೂ ನನಗೂ ಸಂಬಂಧವಿಲ್ಲ. ಜನರನ್ನು ಮಾತಾಡಿಸಿ ಒಪ್ಪಿಸುವುದು ನನ್ನ ಕೆಲಸ. ಕಂಪನಿಗೆ ದೂರದ ಸಮುದ್ರದಲ್ಲಿ ಒಂದು ಪುಟ್ಟ ದ್ವೀಪ ಸಿಕ್ಕಿತ್ತು. ಅದರ ಹೆಸರು ಬರೆಯುವಂತಿಲ್ಲ, ಸಹಿ ಹಾಕಿಸಿಕೊಂಡಿದ್ದಾರೆ. ಸುತ್ತ ನೀರು, ರಾಕೆಟ್ ತಪ್ಪಿ ಬಿದ್ದರೂ ಯಾರ ತಲೆಯ ಮೇಲೂ ಬೀಳುವುದಿಲ್ಲ ಎಂದು ಮ್ಯಾನೇಜರ್ ಪರದೆಯ ಮೇಲೆ ತೋರಿಸಿದ್ದರು. ಉಡಾವಣೆಯ ಕಟ್ಟೆ ಏಳಬೇಕಾದ ಜಾಗದಲ್ಲೇ ಮೀನುಗಾರರ ಒಂದು ಸಾಲು ಮನೆಗಳಿದ್ದವು. ಅವರಿಗಾಗಿ ಆಚೆ ದಡದಲ್ಲಿ ಕಾಲೊನಿ ಕಟ್ಟಿಯಾಗಿತ್ತು. ಸಾಮಾನು ಸಾಗಿಸಲು ಒಬ್ಬ ಒಳ್ಳೆಯ ಮನುಷ್ಯ ಬೇಕು ಅಂದಾಗ ಮುನಿಯಣ್ಣನ ಹೆಸರು ಹೇಳಿದವನು ನಾನೇ.

ಅವನಿಗೆ ಹಲಸೂರಿನ ತಮಿಳು ಚೆನ್ನಾಗಿ ಬರುತ್ತಿತ್ತು. ತಮಿಳೇ ಮಾತಾಡುವ ದ್ವೀಪದವರಿಗೆ ಅದನ್ನು ಕೇಳಿ ನಗು. ನಾನು ತಿಂಗಳುಗಟ್ಟಲೆ ಮಾತಾಡಿ ಒಪ್ಪಿಸಲಾಗದವರನ್ನು ಅವನು ಒಂದು ಸಂಜೆಯಲ್ಲಿ ಒಪ್ಪಿಸಿದ. ಪ್ರತಿ ಮನೆಯ ಹೊಸಿಲಲ್ಲೂ ನಿಂತು, ನಿಮ್ಮ ಒಲೆ ಕೊನೆಗೆ ದೋಣಿ ಏರುತ್ತದೆ, ಆಚೆ ದಡದಲ್ಲಿ ಮೊದಲು ಇಳಿಯುತ್ತದೆ, ಹಾಲು ಉಕ್ಕಿಸಿಯೇ ಬೇರೆ ಮಾತು ಎಂದು ಭಾಷೆ ಕೊಟ್ಟ. ಮೊದಲು ಸೆಲ್ವಿ ಪಾಟಿಯ ಮನೆ ಆಗಲಿ, ಅದನ್ನು ನೋಡಿ ನಾವೂ ಹೊರಡುತ್ತೇವೆ ಎಂದು ಉಳಿದವರು ಅಂದರು. ಆ ಸಾಲಿನಲ್ಲಿ ಆ ಅಜ್ಜಿಯೇ ಹಿರಿಯಳು, ಒಂಟಿ.

ಮರುದಿನ ಬೆಳಿಗ್ಗೆ ಅವಳ ಬಲೆ, ಪೆಟ್ಟಿಗೆ, ಮಂಚ ಎಲ್ಲ ದೋಣಿಗೆ ಹೋದವು. ಎಲ್ಲ ಮುಗಿದ ಮೇಲೆ ಮುನಿಯಣ್ಣ ಕೈ ತೊಳೆದು, ತಲೆ ಬಗ್ಗಿಸಿ ಅಡುಗೆಮನೆಯೊಳಗೆ ಹೋದ. ಹೋದವನು ಬರಲಿಲ್ಲ. ನಾನೂ ಹೋಗಿ ನೋಡಿದೆ. ನೆಲದಿಂದಲೇ ಎದ್ದ ಮಣ್ಣಿನ ಒಲೆ. ನೆಲ ಎಲ್ಲಿ ಮುಗಿದು ಒಲೆ ಎಲ್ಲಿ ಶುರುವಾಗಿದೆ ಎಂದು ಹೇಳುವಂತಿರಲಿಲ್ಲ. ಎರಡು ಕೈಯಲ್ಲಿ ಎತ್ತಬಹುದಾದದ್ದನ್ನೇ ಒಲೆ ಎಂದು ತಿಳಿದಿದ್ದ ನಾವಿಬ್ಬರೂ ಬೆಂಗಳೂರಿನವರು ಬೆಪ್ಪಾಗಿ ನಿಂತೆವು.

ಅವನು ಹಾರೆ ತರಿಸಿದ. ಸುತ್ತ ಅಗೆದು, ಒದ್ದೆ ಗೋಣಿಚೀಲ ಸುತ್ತಿ, ನಾಲ್ಕು ಆಳು ಹಿಡಿದು ಮಗುವನ್ನು ಎತ್ತುವಂತೆ ಎತ್ತಿಸಿದ. ಒಲೆ ನೆಲ ಬಿಟ್ಟು ಒಂದು ಗೇಣು ಮೇಲೆ ಬಂತು, ಮೂರು ಹೋಳಾಗಿ ಬಿತ್ತು. ಒಳಗಿದ್ದ ಬೂದಿ ಇನ್ನೂ ಬೆಚ್ಚಗಿತ್ತು.

ಪಾಟಿ ಅಳಲಿಲ್ಲ. ಹೋಳುಗಳನ್ನು ನೋಡಿ ತನ್ನ ತಮಿಳಿನಲ್ಲಿ ಮೆಲ್ಲಗೆ, “ಅಷ್ಟು ದೊಡ್ಡ ರಾಕೆಟ್ಟನ್ನೇ ಮೇಲಕ್ಕೆ ಎತ್ತೋರು, ನನ್ ಒಲೆ ಎತ್ತಲ್ವಾ ಅಂತ ನಂಬಿದ್ದೆ ಕಣಪ್ಪಾ” ಅಂದಳು.

ಮುನಿಯಣ್ಣನ ಮುಖ ಬಿಳುಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ದೋಣಿಗೆ ಹೋಗಿ ಹಗ್ಗ ಬಿಚ್ಚಿದ. ಮಂಚ, ಪೆಟ್ಟಿಗೆ, ಬಲೆ ಒಂದೊಂದಾಗಿ ಮರಳಿ ಮನೆಯೊಳಗೆ ಬಂದವು. ಅಣ್ಣಾ, ಕಾಲೊನಿಯಲ್ಲಿ ಪ್ರತಿ ಮನೆಗೂ ಹೊಸ ಗ್ಯಾಸ್ ಇಟ್ಟಿದ್ದಾರೆ, ನಿನ್ನ ಕಂಟ್ರಾಕ್ಟೂ ಹೋಗುತ್ತೆ, ನನ್ನ ಕೆಲಸವೂ ಹೋಗುತ್ತೆ ಎಂದು ಅಂಗಲಾಚಿದೆ.

“ನಾನು ಗ್ಯಾಸ್ ಅಂದಿರ್ಲಿಲ್ಲ ಮಗಾ. ನಿಮ್ ಒಲೆ ಅಂದಿದ್ದೆ” ಎಂದ.

ನಾನು ಒಬ್ಬನೇ ದೋಣಿ ಹತ್ತಿದೆ. ದಡದಲ್ಲಿ ಅವನು ಪ್ಯಾಂಟು ಮಡಚಿಕೊಂಡು ಕಾಲಿನಿಂದ ಹೊಸ ಒಲೆಯ ಮಣ್ಣು ತುಳಿಯುತ್ತಿದ್ದ. ಎಷ್ಟು ನೀರು ಹಾಕಬೇಕೆಂದು ಪಾಟಿ ಗದರುತ್ತಿದ್ದಳು. ನಾನು ಕೈ ಬೀಸಿದೆ. ಅವನ ಕೈ ತುಂಬ ಕೆಸರಿತ್ತು, ಗದ್ದ ಎತ್ತಿದ. ಅವನನ್ನು ನೋಡಿದ್ದು ಅದೇ ಕೊನೆ.

ಆಫೀಸಿನಲ್ಲಿ ಮ್ಯಾನೇಜರ್ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕೂರಿಸಿ ಕಾಫಿ ಕೊಡಿಸಿದರು. ಕಳೆದ ವರ್ಷದ ಪಾರ್ಟಿಯಲ್ಲಿ ನಾನು ಮಾಡಿದ್ದ ಮುನಿಯಣ್ಣನನ್ನು ನೆನೆದು ನಕ್ಕರು. ಆಮೇಲೆ ತಮ್ಮ ಫೋನನ್ನು ನನ್ನ ಕಡೆ ತಳ್ಳಿದರು. “ದ್ವೀಪದವ್ರು ಅವನ ಮಾತು ಒಂದೇ ಕೇಳೋದು ಗುರು. ಕಂಟ್ರಾಕ್ಟ್ ಲೆಕ್ಕಕ್ಕೆ ಅಂತ ಇವತ್ತು ಅವನನ್ನ ಆಚೆ ದಡಕ್ಕೆ ಕರೆಸಿದೀನಿ. ಈಗ ಅವನ ವಾಯ್ಸಲ್ಲಿ ಒಂದ್ ಕಾಲ್ ಮಾಡು. ಎಲ್ಲಾ ಸರಿ ಹೋಗಿದೆ, ಹೊರಡಿ ಅನ್ನು. ಅಷ್ಟೇ.”

ಅವರು ಕೇಳಿದ್ದು ತಮಾಷೆಗಲ್ಲ. ನನ್ನ ಗಂಟಲಿನ ಮಂಗಾಟಕ್ಕೆ ಒಂದು ಸಾಲು ಮನೆಗಳನ್ನು ಖಾಲಿ ಮಾಡಿಸುವ ಶಕ್ತಿಯಿದೆ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆಗುವುದಿಲ್ಲ ಸರ್ ಅನ್ನಲು ಹೋದೆ, ನನ್ನ ದನಿ ಎಂದಿನಂತೆ ಕೀರಲಾಗಿ ಗಂಟಲಲ್ಲೇ ಸಿಕ್ಕಿಕೊಂಡಿತು. ಕೆಮ್ಮಿದೆ. ಆಗ ಸೆಕೆಂಡ್ ಗೇರಿನಲ್ಲಿ, ಎಳೆದುಕೊಂಡು, ತಾನಾಗಿಯೇ ಬಂತು:

“ಒಲೆ ಏರ್ದೆ ಗಾಡಿ ಹೊರಡಲ್ಲ, ಸಾಮೀ.”

ಆ ದನಿಗೆ ಯಾರೂ ನಗದೇ ಇದ್ದದ್ದು ಅದೇ ಮೊದಲು. ಫೋನನ್ನು ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ.

ಕೆಲಸವಿಲ್ಲದ ಮನುಷ್ಯನನ್ನು ಕಾಲು ತಾನಾಗಿ ಜೋಗುಪಾಳ್ಯಕ್ಕೆ ಎಳೆಯುತ್ತದೆ. ಲಾರಿ ಅವನ ಮನೆ ಮುಂದೆ ನಿಂತಿದೆ, ಗಾಜಿನ ಮೇಲೆ ಧೂಳು ಕೂತಿದೆ. ಕಟ್ಟೆ ಕೆಲಸ ನಿಂತಿದೆಯೋ, ಬೇರೆ ಯಾರನ್ನಾದರೂ ಕಳಿಸುತ್ತಾರೋ ನನಗೆ ಗೊತ್ತಿಲ್ಲ. ಒಲೆ ಇನ್ನೂ ಒಣಗುತ್ತಿದೆಯಂತೆ ಎಂದಷ್ಟೇ ಅವನ ಹೆಂಡತಿ ಹೇಳಿದಳು. ನಾನು ಬಾಗಿಲು ತೆಗೆದು ಸೀಟಿನ ಕೆಳಗೆ ಕೈ ಹಾಕಿ ನೋಡಿದೆ. ಹಾಲಿನ ಪಾತ್ರೆ ಅಲ್ಲಿರಲಿಲ್ಲ.