ಮೇಡಂ ಬಾಗಿಲಿಗೆ ತಿರುಗಿದ ಕ್ಯಾಮೆರಾ

ತುಮಕೂರಿನಲ್ಲಿ ರಸ್ತೆ ಕ್ಯಾಮೆರಾಗಳನ್ನು ನೋಡುವ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಹೆಲ್ಮೆಟ್ ಹಾಕದವರನ್ನೂ ಸಿಗ್ನಲ್ ಜಂಪ್ ಮಾಡಿದವರನ್ನೂ ಹಿಡಿಯುವುದು ನಮ್ಮ ಕೆಲಸ. ಒಂದು ಬೆಳಿಗ್ಗೆ ನಮ್ಮ ಸಾಹೇಬರು ಬಂದು, ಒಂದು ಕ್ಯಾಮೆರಾವನ್ನು ರಸ್ತೆಯಿಂದ ಮನೆಯೊಂದರ ಬಾಗಿಲಿಗೆ ತಿರುಗಿಸು ಎಂದರು. ಅದು ನಿವೃತ್ತ ಉಪನ್ಯಾಸಕಿಯೊಬ್ಬರ ಮನೆ. ಬಡಾವಣೆಯ ಪಾರ್ಕಿನಲ್ಲಿ ಅಂಗಡಿ ಕಾಂಪ್ಲೆಕ್ಸ್ ಕಟ್ಟಬಾರದೆಂದು ಅವರು ಕೇಸು ಹಾಕಿದ್ದರು.

"ಯಾರ್ ಬರ್ತಾರೆ, ಯಾರ್ ಹೋಗ್ತಾರೆ, ಎಲ್ಲಾ ನೋಡಮ್ಮ."

"ಇದಕ್ಕೆ ಆರ್ಡರ್ ಇದ್ಯಾ ಸಾರ್?"

"ನಾನೇ ಆರ್ಡರ್ ಕಣಮ್ಮ," ಎಂದು ನಕ್ಕರು. ಒಬ್ಬರ ಮನೆಯ ಮೇಲೆ ಕಣ್ಣಿಡಲು ಲಿಖಿತ ಆದೇಶ ಬೇಕು, ಕಾರಣ ಬೇಕು ಎಂದು ತರಬೇತಿಯಲ್ಲಿ ನಮಗೆ ಪಾಠ ಮಾಡಿದ್ದವರೂ ಇದೇ ಮಹಾನುಭಾವರು.

ಕ್ಯಾಮೆರಾ ತಿರುಗಿಸಿದೆ. ಅಂಥ ಭಾರಿ ಸಂಚೇನೂ ಕಾಣಲಿಲ್ಲ. ಆ ಉಪನ್ಯಾಸಕಿ ಮೇಡಂ ರಂಗೋಲಿ ಹಾಕುತ್ತಿದ್ದರು, ಬೆಕ್ಕನ್ನು ಓಡಿಸುತ್ತಿದ್ದರು. ಒಂದು ದಿನ ಸಾಹೇಬರ ಕೋಣೆಗೆ ಹೋದರೆ, ಕಾಂಪ್ಲೆಕ್ಸಿನ ಕಂಟ್ರಾಕ್ಟರು ಎದುರಿಗೆ ಕೂತಿದ್ದ. ಮೇಡಂ ನೈಟಿಯಲ್ಲಿ ಬಂದು ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುವ ವಿಡಿಯೋವನ್ನು ಇಬ್ಬರೂ ಮೊಬೈಲಿನಲ್ಲಿ ನೋಡಿ ಹಲ್ಲು ಕಿರಿಯುತ್ತಿದ್ದರು. ಸರ್ಕಾರದ ದೊಡ್ಡ ಕುರ್ಚಿಯಲ್ಲಿ ಇಷ್ಟು ಸಣ್ಣ ಮನುಷ್ಯ ಕೂತಿರುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಂದು ಸಂಜೆಯೇ ಮೇಡಂ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.  ಅವರು ಎದ್ದು ಹೋಗಿ ಮೊದಲು ಕಿಟಕಿಯ ಪರದೆ ಎಳೆದರು.

"ಕೋರ್ಟಲ್ಲಿ ಹೇಳ್ತೀಯೇನಮ್ಮ? ಕೆಲ್ಸಕ್ಕೆ ತೊಂದ್ರೆ ಆಗುತ್ತೆ."

"ಹೇಳ್ತೀನಿ ಮೇಡಂ."

ಮೇಡಂ ಕ್ಯಾಮೆರಾದ ವಿಷಯಕ್ಕೂ ಕೇಸು ಹಾಕಿದರು. ಕಚೇರಿಯಲ್ಲಿ ಸುದ್ದಿ ಹಬ್ಬಿತು. ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವರೆಲ್ಲ ಬೇರೆ ಮೇಜು ಹುಡುಕಿಕೊಂಡರು. "ನಿಂಗ್ಯಾಕೆ ಬೇಕಿತ್ತು ಊರ ಉಸಾಬರಿ?" ಎಂದಳು ಗೆಳತಿಯೊಬ್ಬಳು, ಅದೂ ಅತ್ತಿತ್ತ ನೋಡಿ.

ಕೋರ್ಟಿನಲ್ಲಿ ನಾನು ಕಂಡದ್ದನ್ನೆಲ್ಲ ಹೇಳಿದೆ. ಸಾಹೇಬರು, "ಅವರ ರಕ್ಷಣೆಗೇ ಇಟ್ಟಿದ್ದು ಸ್ವಾಮಿ," ಎಂದರು.

"ಹಾಗಿದ್ರೆ ಅವರಿಗೇ ಯಾಕೆ ತಿಳಿಸ್ಲಿಲ್ಲ?" ಎಂದು ನ್ಯಾಯಾಧೀಶರು ಕೇಳಿದರು. ಸಾಹೇಬರು ಕರ್ಚೀಫು ಹುಡುಕತೊಡಗಿದರು.

ಕಾನೂನಿನ ಆದೇಶವಿಲ್ಲದೆ ಯಾರ ಬಾಗಿಲ ಮೇಲೂ ಕಣ್ಣಿಡುವಂತಿಲ್ಲವೆಂದು ತೀರ್ಪು ಬಂತು. ಕ್ಯಾಮೆರಾ ಮತ್ತೆ ರಸ್ತೆಯತ್ತ ತಿರುಗಿತು. ಸಾಹೇಬರ ಮೇಲಿನ ಇಲಾಖಾ ವಿಚಾರಣೆ ಮಾತ್ರ ಇನ್ನೂ ತೆವಳುತ್ತಿದೆ. ನನ್ನನ್ನು ಕುಣಿಗಲ್ಲಿಗೆ ಎತ್ತಿಹಾಕಲು ಅವರಿಗೆ ವಾರವೂ ಬೇಕಾಗಲಿಲ್ಲ.

ಮೊನ್ನೆ ಗುಬ್ಬಿಯಲ್ಲಿ ಒಂದು ಮದುವೆಯಲ್ಲಿ ಸಾಹೇಬರು ಎದುರಾದರು. "ಏನಮ್ಮ, ಚೆನ್ನಾಗಿದೀಯಾ?" ಎಂದು ಅದೇ ನಗೆ ನಕ್ಕರು. ನಾನು ಊಟಕ್ಕೆ ನಡೆದೆ. ಅವರ ಎದುರಿನ ಪಂಕ್ತಿಯಲ್ಲೇ ಕೂತು, ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡೆ.